ಉಪ್ಪು ನೀರಿಗೆ ಅರಿಶಿನ

ತ್ಯಾಗರಾಜನಗರ
14-7-1996

ಪ್ರಿಯಂವದಾ,

ಆಶೀರ್ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದ ಮೇಲೆ ಅದು ನಿನಗೆ ರುಚಿಸುತ್ತದೋ ಇಲ್ಲವೋ.

ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಎರಡು ವರ್ಷದ ಕೆಳಗೆ ನಮ್ಮವರು ಹೋದಾಗ ನೀನು ಗೇಟಿನ ಹೊರಗೆ ನಿಂತು, ಕಣ್ಣೊರೆಸಿಕೊಂಡು, ಹಾಗೆಯೇ ಹೊರಟುಹೋದೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಾ ಎನ್ನಲಿಲ್ಲ. ಇರಲಿ, ವಿಷಯ ಅದಲ್ಲ.

ಆರಾಧನಾಗೆ ಫಸ್ಟ್ ಪಿಯುಸಿ ಕೆಮಿಸ್ಟ್ರಿಯಲ್ಲಿ ಮೂವತ್ತೆಂಟು ಬಂದಿದೆ. ಉಳಿದದ್ದರಲ್ಲೆಲ್ಲ ಎಂಬತ್ತರ ಮೇಲೆ. ಈ ವರ್ಷ ಗಾಂಧಿ ಬಜಾರಿನ ಹತ್ತಿರ ಟ್ಯೂಶನ್ನಿಗೆ ಸೇರಿಸಿದೆ. ಒಂದೇ ಹಾಲ್‌ನಲ್ಲಿ ಕುರಿ ಕೂಡಿದಂತೆ ಮಕ್ಕಳನ್ನು ಕೂಡುತ್ತಾರೆ, ಡೌಟು ಕೇಳಿದರೆ ಸರ್ ಗಡಿಯಾರ ನೋಡುತ್ತಾರಂತೆ. ಮೊನ್ನೆ ಅಡುಗೆಮನೆಯಲ್ಲಿ ನಿಂತು, "ಅಮ್ಮಾ, ಚಿಕ್ಕಮ್ಮ ಕೆಮಿಸ್ಟ್ರಿ ಲೆಕ್ಚರರ್ ಅಲ್ವಾ? ಅವರನ್ನ ಕೇಳ್ಬಾರ್ದಾ?" ಎಂದಳು. ಅದಕ್ಕೇ ಈ ಕಾಗದ.

ಅವಳಿಗೆ ಎಲ್ಲ ಗೊತ್ತು. ಹತ್ತು ವರ್ಷವಾದಾಗ ನಾನೇ ಕೂರಿಸಿಕೊಂಡು ಹೇಳಿದೆ, ನಿನ್ನನ್ನು ಹೆತ್ತವಳು ಚಿಕ್ಕಮ್ಮ, ನಮಗೆ ಮಕ್ಕಳಿಲ್ಲವೆಂದು ಹನ್ನೊಂದು ತಿಂಗಳ ನಿನ್ನನ್ನು ದತ್ತು ಕೊಟ್ಟರು ಎಂದು. ಕೇಳಿಸಿಕೊಂಡು "ಸರಿ" ಎಂದವಳೇ ಕುಂಟೆಬಿಲ್ಲೆ ಆಡಲು ಹೋದಳು. ಆಮೇಲೆ ಒಂದು ದಿನವೂ ಆ ಮಾತು ತೆಗೆದಿಲ್ಲ. ನನಗೆ ಅದೇ ಭಯ.

ನೀನು ಇಲ್ಲಿಗೆ ಬರುವಂತಿಲ್ಲ. ಅವಳ ಮದುವೆಯವರೆಗೂ ಈ ಮನೆಯ ಹೊಸಿಲು ತುಳಿಯುವುದಿಲ್ಲ, ಅವಳನ್ನು ಮಾತಾಡಿಸುವುದಿಲ್ಲ ಎಂದು ಅತ್ತೆಯವರ ಎದುರು ದೀಪ ಮುಟ್ಟಿ ಹೇಳಿದ್ದೀಯ. ಅತ್ತೆ ಈಗಿಲ್ಲ, ಆದರೆ ದೀಪ ಇದೆ. ಕಾಗದ ಬರೆಯಬಾರದು ಎಂದು ಮಾತ್ರ ಅವರು ಹೇಳಿಸಿರಲಿಲ್ಲ. ಅದು ಅವರಿಗೆ ಹೊಳೆದಿರಲಿಕ್ಕಿಲ್ಲ. ಅವಳು ಪ್ರಶ್ನೆ ಬರೆದು ಕಳಿಸಲಿ, ನೀನು ಉತ್ತರ ಬರೆ. ಉತ್ತರ ನನ್ನ ಹೆಸರಿಗೆ ಬರಲಿ, ನಾನು ಓದಿ ಅವಳಿಗೆ ಕೊಡುತ್ತೇನೆ. ಫೋನು ಬೇಡ, ಅದನ್ನು ಯಾವಾಗಲೂ ಅವಳೇ ಓಡಿಹೋಗಿ ಎತ್ತುತ್ತಾಳೆ.

ಕೆಮಿಸ್ಟ್ರಿ ಮಾತ್ರ. ಬೇರೆ ಏನೂ ಬೇಡ.

ಅಂಬುಜಮ್ಮ


ಶೇಷಾದ್ರಿಪುರಂ
20-7-1996

ಅಕ್ಕಾ,

ನಮಸ್ಕಾರ. ಒಪ್ಪಿದೆ. ಕೆಮಿಸ್ಟ್ರಿ ಮಾತ್ರ.

ನಿಮ್ಮ ಕಾಗದವನ್ನು ನಿಮ್ಮ ಮೈದುನರಿಗೆ ತೋರಿಸಿದೆ. ಓದಿ ಮಡಿಸಿ, "ನಿನ್ ಕೈಲಿ ಆಗತ್ತಾ?" ಎಂದರು. ದಿನಕ್ಕೆ ನಾಲ್ಕು ಕ್ಲಾಸು ತೆಗೆದುಕೊಳ್ಳುವವಳಿಗೆ ಇನ್ನೊಂದು ಹೆಚ್ಚೇ ಎಂದೆ. ಅವರು ಕೇಳಿದ್ದು ಅದಲ್ಲವೆಂದು ನನಗೂ ಗೊತ್ತಿತ್ತು.

ಅವಳು ಒಂದು ಸಲಕ್ಕೆ ಒಂದೇ ಪ್ರಶ್ನೆ ಬರೆಯಲಿ. ತನಗೆ ಏನು ಅರ್ಥವಾಗಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ತನ್ನದೇ ಮಾತಿನಲ್ಲಿ ಬರೆಯಲಿ.

ಅವಳಿಗೆ ಬೋರ್ಡು ಸರಿಯಾಗಿ ಕಾಣುತ್ತದೆಯೇ? ಕಾಣದಿದ್ದರೂ ಮಕ್ಕಳು ಹೇಳುವುದಿಲ್ಲ. ನಮ್ಮ ಅಭಿರಾಮನಿಗೆ ಹತ್ತನೇ ಕ್ಲಾಸಿಗೆ ಕನ್ನಡಕ ಬಂತು, ನನ್ನ ಕಡೆಯವರಿಗೆಲ್ಲ ಬೇಗ ಬರುತ್ತದೆ. ಇದು ಕೆಮಿಸ್ಟ್ರಿ ಅಲ್ಲ. ನೀವು ಉತ್ತರಿಸದಿದ್ದರೂ ನಡೆಯುತ್ತದೆ.

ಪ್ರಿಯಂವದಾ


ತ್ಯಾಗರಾಜನಗರ
4-8-1996

ಚಿಕ್ಕಮ್ಮ,

ನಮಸ್ತೆ. ಕನ್ನಡಕ ಬಂದಿಲ್ಲ. ಹೀಗೆ ಬರೆ ಎಂದು ಅಮ್ಮ ಹೇಳಿದರು, ಯಾಕೆಂದು ಹೇಳಲಿಲ್ಲ.

ನನ್ನ ಪ್ರಶ್ನೆ ಇದು. ಆಮ್ಲ ತನ್ನ ಹೈಡ್ರೋಜನ್ ಅಯಾನನ್ನು ಕೊಟ್ಟ ಮೇಲೆ ಉಳಿಯುವುದನ್ನು ಕಾನ್ಜುಗೇಟ್ ಬೇಸ್ ಎನ್ನುತ್ತಾರೆ ಎಂದು ಟ್ಯೂಶನ್ನಿನಲ್ಲಿ ಬರೆಸಿದರು. ಹೈಡ್ರೋಕ್ಲೋರಿಕ್ ಆಮ್ಲ ಕೊಟ್ಟ ಮೇಲೆ ಉಳಿಯುವುದು ಕ್ಲೋರೈಡ್. ಹಾಗಾದರೆ ಕ್ಲೋರೈಡ್ ಬೇಸ್ ಆಗಬೇಕು. ಆದರೆ ಅಷ್ಟು ಪ್ರಬಲವಾದ ಆಮ್ಲದಿಂದ ಹುಟ್ಟಿದ್ದು ಅಂದ ಮೇಲೆ ಸ್ವಲ್ಪವಾದರೂ ಆಮ್ಲದ ಗುಣ ಇರಬೇಡವೇ? ಪುಸ್ತಕ ನೋಡಿದರೆ ಉಪ್ಪು ನೀರು ಎರಡೂ ಅಲ್ಲ, ತಟಸ್ಥ ಎಂದಿದೆ. ಮೂರರಲ್ಲಿ ಯಾವುದು ನಿಜ?

ಸರ್‌ನ ಕೇಳಿದೆ, ನೆಕ್ಸ್ಟ್ ಚಾಪ್ಟರ್ ಎಂದರು. ಪಕ್ಕದಲ್ಲಿ ಕೂರುವ ಮೀನಾ, "ಬಾಯಿಪಾಠ ಮಾಡ್ಕೊ ಮಗಾ, ತಲೆ ಯಾಕ್ ಕೆಡಿಸ್ಕೊಳ್ತೀಯಾ" ಎಂದಳು. ನನಗೆ ಅರ್ಥವಾಗದ್ದು ಬಾಯಿಪಾಠವಾಗುವುದಿಲ್ಲ. ಅದಕ್ಕೇ ಮೂವತ್ತೆಂಟು.

ಆರಾಧನಾ


ಶೇಷಾದ್ರಿಪುರಂ
9-8-1996

ಆರಾಧನಾ,

ಬಾಯಿಪಾಠ ಮಾಡಬೇಡ. ನಿನ್ನ ಪ್ರಶ್ನೆಯನ್ನು ನಮ್ಮ ಕಾಲೇಜಿನಲ್ಲಿ ಯಾರೂ ಇಷ್ಟು ಸರಿಯಾಗಿ ಕೇಳಿಲ್ಲ.

ಪ್ರಬಲ ಆಮ್ಲ ಎಂದರೆ ಕೈ ಸುಡುವ ಆಮ್ಲ ಎಂದಲ್ಲ. ನೀರಿಗೆ ಬಿದ್ದ ಕೂಡಲೇ ತನ್ನ ಹೈಡ್ರೋಜನ್ನನ್ನು ಪೂರ್ತಿ ಕೊಟ್ಟುಬಿಡುತ್ತದೆ ಎಂದರ್ಥ. ಅರೆಮನಸ್ಸಿನಿಂದ ಕೊಡುವುದಲ್ಲ. ಹಾಗೆ ಕೊಟ್ಟ ಮೇಲೆ ಉಳಿಯುವ ಕ್ಲೋರೈಡಿಗೆ ಅದನ್ನು ವಾಪಸು ಪಡೆಯುವ ಆಸೆ ಇರುವುದಿಲ್ಲ. ಹೆಸರಿಗೆ ಬೇಸ್, ಆದರೆ ನೀರಿನಲ್ಲಿ ಅದು ಇದ್ದೂ ಇಲ್ಲದ ಹಾಗೆ. ಕೊಡಲು ಅದರ ಬಳಿ ಏನೂ ಉಳಿದಿಲ್ಲ, ಆದ್ದರಿಂದ ಆಮ್ಲವಲ್ಲ. ತೆಗೆದುಕೊಳ್ಳುವ ಬಲವಿಲ್ಲ, ಆದ್ದರಿಂದ ಬೇಸೂ ಅಲ್ಲ. ತಟಸ್ಥ. ನೈಟ್ರಿಕ್ ಆಮ್ಲದ ನೈಟ್ರೇಟ್ ಕೂಡ ಹಾಗೆಯೇ.

ಈಗ ಕಾರ್ಬಾನಿಕ್ ಆಮ್ಲ ನೋಡು. ಅದು ದುರ್ಬಲ. ಕೊಡುತ್ತದೆ, ಆದರೆ ಕೊಟ್ಟದ್ದರ ಮೇಲೇ ಕಣ್ಣು. ಕೊಟ್ಟ ಮೇಲೆ ಉಳಿಯುವ ಕಾರ್ಬೊನೇಟ್ ಬೇರೇನೂ ಸಿಗದಿದ್ದರೆ ನೀರಿನ ಕೈಯಿಂದಲೇ ಹೈಡ್ರೋಜನ್ನನ್ನು ಕಿತ್ತುಕೊಳ್ಳುತ್ತದೆ. ಕಿತ್ತುಕೊಂಡಾಗ ನೀರಿನಲ್ಲಿ ಉಳಿಯುವುದು ಹೈಡ್ರಾಕ್ಸೈಡ್. ಹಾಗಾಗಿ ಆ ನೀರು ಬೇಸಿಕ್ ಆಗುತ್ತದೆ. ಒಗೆಯುವ ಸೋಡಾ ಎಂದರೆ ಇದೇ ಕಾರ್ಬೊನೇಟ್, ಅದು ಕೈಗೆ ಜಾರುವುದು ಅದಕ್ಕೇ.

ಒಂದು ಎಚ್ಚರಿಕೆ. ಸಲ್ಫ್ಯೂರಿಕ್ ಆಮ್ಲವೂ ಪ್ರಬಲವೇ. ಆದರೆ ಅದು ಒಂದು ಹೈಡ್ರೋಜನ್ ಕೊಟ್ಟ ಮೇಲೆ ಉಳಿಯುವ ಬೈಸಲ್ಫೇಟ್ ತಟಸ್ಥವಲ್ಲ. ಅದರ ಬಳಿ ಇನ್ನೊಂದು ಇದೆ, ಅದನ್ನೂ ಕೊಡುತ್ತದೆ. ಆದ್ದರಿಂದ ಆಮ್ಲೀಯ. ಪರೀಕ್ಷೆಯಲ್ಲಿ ಇಲ್ಲಿಯೇ ಕಾಲು ಜಾರಿಸುತ್ತಾರೆ.

ಅರ್ಥವಾಗದಿದ್ದರೆ ಮತ್ತೆ ಕೇಳು. ಎಷ್ಟು ಸಲ ಬೇಕಾದರೂ.

ಪ್ರಿಯಂವದಾ


ತ್ಯಾಗರಾಜನಗರ
13-8-1996

ಪ್ರಿಯಂವದಾ,

ಕೆಮಿಸ್ಟ್ರಿ ಮಾತ್ರ ಎಂದು ಬರೆದಿದ್ದೆ. ನೀನೂ ಒಪ್ಪಿದ್ದೆ. ನಾನು ಎಂಟನೇ ಕ್ಲಾಸು ಓದಿದವಳು ಎಂದು ಏನು ಬರೆದರೂ ನಡೆಯುತ್ತದೆ ಅಂದುಕೊಂಡೆಯಾ?

"ಪೂರ್ತಿ ಕೊಟ್ಟುಬಿಡುತ್ತದೆ, ವಾಪಸು ಪಡೆಯುವ ಆಸೆ ಇರುವುದಿಲ್ಲ." ಇದು ಕೆಮಿಸ್ಟ್ರಿಯೇ? ನಿನ್ನನ್ನು ಕೊಟ್ಟಾಯಿತು, ನನಗೆ ನೀನು ಬೇಕಿಲ್ಲ ಎಂದು ಹೆತ್ತ ಮಗುವಿಗೆ ಹೇಳುವ ರೀತಿಯೇ ಇದು? ಅಥವಾ ಅದರ ಕೆಳಗೆ ಬರೆದದ್ದು ನಿನ್ನ ಮನಸ್ಸೋ? ಕೊಟ್ಟದ್ದರ ಮೇಲೇ ಕಣ್ಣಂತೆ, ನೀರಿನ ಕೈಯಿಂದ ಕಿತ್ತುಕೊಳ್ಳುತ್ತದಂತೆ. ಆ ನೀರು ಯಾರು, ನಾನಾ? ಕೊನೆಗೆ ಇನ್ನೊಂದು ಇದೆ, ಅದನ್ನೂ ಕೊಡುತ್ತದೆ ಎಂದು ಬೇರೆ. ಅಲ್ಲಿ ಅಭಿರಾಮನ ಹೆಸರನ್ನೂ ಬರೆದುಬಿಡಬೇಕಿತ್ತು, ಅವನೊಬ್ಬನನ್ನು ಯಾಕೆ ಬಿಟ್ಟೆ?

ಆ ಕಾಗದವನ್ನು ಅವಳಿಗೆ ಕೊಟ್ಟಿಲ್ಲ. ದೇವರ ಮನೆಯಲ್ಲಿ ಪಂಚಾಂಗದ ಕೆಳಗೆ ಇಟ್ಟಿದ್ದೇನೆ. ಹರಿಯಲು ಕೈ ಬರಲಿಲ್ಲ, ಅಕ್ಷರ ದುಂಡಗಿದೆ. ಅವಳದೂ ಹೀಗೆಯೇ.

ಇನ್ನು ಬರೆಯಬೇಡ.

ಅಂಬುಜಮ್ಮ


ತ್ಯಾಗರಾಜನಗರ
22-9-1996

ಚಿಕ್ಕಮ್ಮ,

ಈ ಕಾಗದವನ್ನು ಅಮ್ಮನಿಗೆ ಹೇಳದೆ ಹಾಕುತ್ತಿದ್ದೇನೆ.

ನೀವು ಉತ್ತರ ಬರೆಯಲಿಲ್ಲ. ಕೆಲಸ ಇರುತ್ತದೆ, ಗೊತ್ತು. ಮಿಡ್‌ಟರ್ಮಿನಲ್ಲಿ ಅದೇ ಪ್ರಶ್ನೆ ಬಂತು, ಸೋಡಿಯಂ ಕ್ಲೋರೈಡ್ ದ್ರಾವಣ ಆಮ್ಲೀಯವೋ, ಬೇಸಿಕ್ಕೋ, ತಟಸ್ಥವೋ, ಕಾರಣ ಕೊಡಿ ಎಂದು. ಕಾನ್ಜುಗೇಟ್ ಬೇಸ್ ಎಂದ ಮೇಲೆ ಬೇಸೇ ಎಂದು ಬರೆದೆ. ಇಡೀ ಪುಟಕ್ಕೆ ಕೆಂಪು ಗೆರೆ ಎಳೆದು ಕೊಟ್ಟರು.

ನನಗೆ ಮಾರ್ಕ್ಸಿಗೆ ಬೇಜಾರಿಲ್ಲ. ನಾನು ಕೇಳಿದ ಮೊದಲನೇ ವಿಷಯಕ್ಕೇ ನೀವು ಸುಮ್ಮನಾಗಿಬಿಟ್ಟಿರಿ, ಅದಕ್ಕೆ ಬೇಜಾರು. ಮೂರು ವಾರ ನಾನು ದಿನಾ ಪೋಸ್ಟ್‌ಮ್ಯಾನ್ ಮುನಿರಾಮಪ್ಪನವರನ್ನು ಗೇಟಿನಲ್ಲಿ ಹಿಡಿದು ಕೇಳಿದೆ. ಪಾಪ, ಅವರೇ ನನಗೆ ಮುಖ ತಪ್ಪಿಸತೊಡಗಿದರು.

ಇನ್ನು ಮುಂದೆ ಕೇಳಿ ತೊಂದರೆ ಕೊಡುವುದಿಲ್ಲ.

ಆರಾಧನಾ


ಶೇಷಾದ್ರಿಪುರಂ
28-9-1996

ಅಕ್ಕಾ,

ಬರೆಯಬೇಡ ಎಂದಿದ್ದಿರಿ. ಬರೆಯುತ್ತಿದ್ದೇನೆ.

ನನ್ನ ಪಾಠವನ್ನು ನೀವು ಮುಚ್ಚಿಟ್ಟಿದ್ದರಿಂದ ಅವಳು ಪರೀಕ್ಷೆಯಲ್ಲಿ ತಪ್ಪು ಬರೆದಳು. ನನಗೆ ಹೇಗೆ ತಿಳಿಯಿತು ಎಂದು ಕೇಳಬೇಡಿ, ಅವಳನ್ನೂ ಬಯ್ಯಬೇಡಿ. ನಿಮ್ಮ ಮೇಲೆ ಸಿಟ್ಟು ಬಂದಿದೆ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಿಮಗೆ ಇದನ್ನು ಹೇಳುತ್ತಿರುವುದು ಇದೇ ಮೊದಲು.

ನಾನು ಬರೆದದ್ದು ಕೆಮಿಸ್ಟ್ರಿ. ಪ್ರತಿ ವರ್ಷ ನೂರಾರು ಹುಡುಗಿಯರಿಗೆ ಇದೇ ಮಾತಿನಲ್ಲಿ ಹೇಳುತ್ತೇನೆ. ಅವರಲ್ಲಿ ಒಬ್ಬಳ ತಾಯಿಯೂ ಬಂದು ಜಗಳವಾಡಿಲ್ಲ. ನಂಬಿಕೆ ಬಾರದಿದ್ದರೆ ನಿಮ್ಮ ಅಡುಗೆಮನೆಯಲ್ಲೇ ನೋಡಿ. ಎರಡು ಬಟ್ಟಲು ನೀರು ತೆಗೆದುಕೊಳ್ಳಿ. ಒಂದಕ್ಕೆ ಉಪ್ಪು, ಒಂದಕ್ಕೆ ಒಗೆಯುವ ಸೋಡಾ. ಎರಡಕ್ಕೂ ಚಿಟಿಕೆ ಅರಿಶಿನ ಹಾಕಿ. ಒಂದರಲ್ಲಿ ಅರಿಶಿನ ಅರಿಶಿನವಾಗಿಯೇ ಇರುತ್ತದೆ. ಇನ್ನೊಂದರಲ್ಲಿ ಏನಾಗುತ್ತದೆ ಎಂದು ಅವಳನ್ನೂ ಕರೆದು ತೋರಿಸಿ. ಆಮೇಲೆ ಆ ಕಾಗದವನ್ನು ಅವಳಿಗೆ ಕೊಡಿ. ನನ್ನ ಮೇಲೆ ಏನು ಬೇಕಾದರೂ ಅನುಮಾನಪಡಿ, ಅವಳ ಪಾಠ ನಿಲ್ಲಿಸಬೇಡಿ.

ಪ್ರಿಯಂವದಾ


ತ್ಯಾಗರಾಜನಗರ
23-10-1996

ಪ್ರಿಯಂವದಾ,

ದಸರೆ ಮುಗಿಯಿತು, ಗೊಂಬೆಗಳನ್ನೆಲ್ಲ ಇಳಿಸಿ ಪೆಟ್ಟಿಗೆಗೆ ಹಾಕಿದ್ದಾಯಿತು. ಬರೆಯಲು ತಡವಾದದ್ದಕ್ಕೆ ಕಾರಣ ಹಬ್ಬವಲ್ಲ, ನಾನೇ.

ನೀನು ಹೇಳಿದ ಹಾಗೆ ಮಾಡಿದೆವು. ಉಪ್ಪಿನ ಬಟ್ಟಲು ಹಳದಿಯಾಗಿಯೇ ಉಳಿಯಿತು. ಸೋಡಾ ಬಟ್ಟಲಿಗೆ ಅರಿಶಿನ ಬಿದ್ದದ್ದೇ ತಡ, ಕೆಂಪು. "ಅಮ್ಮಾ, ಆರತಿ ನೀರು" ಎಂದು ಆರಾಧನಾ ಚಪ್ಪಾಳೆ ತಟ್ಟಿದಳು. ನಿಜ, ನಾವು ಅರಿಶಿನದ ನೀರಿಗೆ ಸುಣ್ಣ ಹಾಕಿ ಮಾಡುವ ಆರತಿಯದೇ ಬಣ್ಣ. ಇಷ್ಟು ವರ್ಷ ಆರತಿ ಕಲಸಿದ್ದೇನೆ, ಅದು ಯಾಕೆ ಕೆಂಪಾಗುತ್ತದೆ ಎಂದು ಒಂದು ದಿನ ಯೋಚಿಸಿರಲಿಲ್ಲ. ಕಾಗದವನ್ನು ಅವಳ ಕೈಗೆ ಕೊಟ್ಟೆ. ಇಷ್ಟು ದಿನ ಇಟ್ಟುಕೊಂಡಿದ್ದೆ ಎಂದೂ ಹೇಳಿದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಮೂರನೇ ದಿನ ಹಸಿವಾಗಿ ಮಾತಾಡಿದಳು.

ನಿನ್ನ ಪಾಠ ಪಾಠವೇ, ಒಪ್ಪಿದೆ. ಆದರೆ ಆ ಕೆಂಪು ನೋಡಿದ ಮೇಲೆ ನನಗೆ ಬೇರೆ ನೆನಪಾಗಿದೆ. ದತ್ತು ತೆಗೆದುಕೊಂಡ ದಿನ ಅತ್ತೆಯವರು ನನ್ನ ಮಡಿಲಲ್ಲಿ ಮಗುವನ್ನು ಕೂರಿಸಿ ಕೆಂಪು ಆರತಿ ಎತ್ತಿದರು. ನೀನು ನಡುಮನೆಯ ಕಂಬದ ಹತ್ತಿರ ಸೆರಗು ಹೊದ್ದು ನಿಂತಿದ್ದೆ. ಅಳಲಿಲ್ಲ. ಕಲ್ಲುಮನಸ್ಸಿನವಳು ಎಂದು ಬಂದವರೆಲ್ಲ ಅಂದರು. ನಾನು ಬಾಯಿ ಬಿಟ್ಟು ಅನ್ನಲಿಲ್ಲ, ಆದರೆ ಒಳಗೊಳಗೇ ಸಂತೋಷಪಟ್ಟೆ. ಇವಳಿಗೆ ಅಷ್ಟು ಆಸೆಯಿಲ್ಲ, ಮಗು ನನ್ನದಾಗಿಯೇ ಉಳಿಯುತ್ತದೆ ಎಂದು. ಆಮೇಲೆ ಅದನ್ನು ನಂಬಲೂ ಆಗಲಿಲ್ಲ. ಅವಳಿಗೆ ಜ್ವರ ಬಂದರೆ, ಅವಳು ಶಾಲೆಯಿಂದ ಹತ್ತು ನಿಮಿಷ ತಡವಾಗಿ ಬಂದರೆ, ನೀನು ಬಂದು ಕರೆದುಕೊಂಡು ಹೋಗಿರಬಹುದು ಎಂದೇ ನನ್ನ ಮೊದಲ ಯೋಚನೆ. ಹೀಗೆ ಹದಿನಾರು ವರ್ಷ.

ಒಂದು ಸಲ ಹೇಳಿಬಿಡು. ಆ ಎರಡು ಬಟ್ಟಲಲ್ಲಿ ನೀನು ಯಾವುದು?

ಅಂಬುಜಮ್ಮ


ಶೇಷಾದ್ರಿಪುರಂ
5-11-1996

ಆರಾಧನಾ,

ಬಫರ್ ದ್ರಾವಣದ ಬಗ್ಗೆ ನೀನು ಕೇಳಿದ್ದಕ್ಕೆ ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಮೊದಲು ನೀನೇ ಬಿಡಿಸಲು ಪ್ರಯತ್ನಿಸಿ ಆಮೇಲೆ ನೋಡು. ನಿನ್ನ ಹೋದ ಉತ್ತರದಲ್ಲಿ ಕಾರಣ ಸರಿಯಿತ್ತು, ಸಮೀಕರಣದಲ್ಲಿ ಬಾಣದ ಗುರುತು ತಪ್ಪಿತ್ತು. ಪ್ರಬಲ ಆಮ್ಲಕ್ಕೆ ಒಂದೇ ಕಡೆಗೆ ಬಾಣ. ದುರ್ಬಲಕ್ಕೆ ಎರಡೂ ಕಡೆಗೆ.

ಅಮ್ಮನಿಗೆ ಹೇಳು, ಅವರು ಕೇಳಿದ ಪ್ರಶ್ನೆ ಸಿಲಬಸ್ಸಿನಲ್ಲಿ ಇಲ್ಲ.

ಪ್ರಿಯಂವದಾ


ತ್ಯಾಗರಾಜನಗರ
12-1-1997

ಪ್ರಿಯಂವದಾ,

ಎಳ್ಳು ಹುರಿಯುವುದನ್ನು ಬಿಟ್ಟು ಬರೆಯುತ್ತಿದ್ದೇನೆ. ಈ ಸಲ ಸಕ್ಕರೆ ಅಚ್ಚು ಹಾಕಲಿಲ್ಲ, ತೋಳು ಎತ್ತಲಾಗುತ್ತಿಲ್ಲ.

ದೀಪಾವಳಿಯ ಎಣ್ಣೆಸ್ನಾನದ ದಿನ ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು. ಹೇಳಿಕೊಳ್ಳಲು ನಾಚಿಕೆ, ತೋರಿಸಲು ಇನ್ನೂ ನಾಚಿಕೆ. ಬೆಳೆದ ಮೇಲೆ ತೋರಿಸಿದೆ. ಈ ತಿಂಗಳು ಇಪ್ಪತ್ತೆಂಟಕ್ಕೆ ಆಪರೇಶನ್. ತೆಗೆದು ಪರೀಕ್ಷೆಗೆ ಕಳಿಸುತ್ತಾರಂತೆ. ಮುಂದಿನದು ಆಮೇಲೆ ಎಂದರು ಡಾಕ್ಟರು. ಅವರ ಮುಖ ನೋಡಿದರೆ ಮುಂದೆ ಏನೋ ಇದೆ.

ಆರಾಧನಾಗೆ ಸಣ್ಣ ಆಪರೇಶನ್ ಎಂದಷ್ಟೇ ಹೇಳಿದ್ದೇನೆ. ಮಾರ್ಚಿನಲ್ಲಿ ಅವಳ ಪರೀಕ್ಷೆ. ಈ ಮನೆಯಲ್ಲಿ ನಾನು, ಅವಳು, ಇಬ್ಬರೇ. ಅವಳು ರೋಗಿಯ ಹತ್ತಿರ ಕೂತು ಓದುವುದು ಬೇಡ, ಓದದೆ ಕೂರುವುದೂ ಬೇಡ.

ಅವಳನ್ನು ಕರೆದುಕೊಂಡು ಹೋಗು. ಪರೀಕ್ಷೆಗೆ ಮಾತ್ರವಲ್ಲ. ನನಗೆ ವಾಸಿಯಾದರೂ ಮತ್ತೆ ಕೇಳುವುದಿಲ್ಲ. ಇವತ್ತು ಒಂದು ಕಡೆ, ನಾಳೆ ಒಂದು ಕಡೆ ಎಂದು ಅವಳನ್ನು ಎಳೆದಾಡುವುದಕ್ಕಿಂತ ಒಂದೇ ಸಲ ಆಗಿಹೋಗಲಿ. ಅತ್ತೆಯವರಿಗೆ ಕೊಟ್ಟ ಮಾತಿನಿಂದ ನಿನ್ನನ್ನು ನಾನು ಬಿಡಿಸಿದ್ದೇನೆ. ನೀನು ಬಂದು ಬಾಗಿಲಲ್ಲಿ ನಿಲ್ಲು, ನಾನು ಅವಳ ಪೆಟ್ಟಿಗೆ ತಂದಿಡುತ್ತೇನೆ.

ಪೂರ್ತಿ ಕೊಟ್ಟು ಸುಮ್ಮನಿರುವುದು ನಿನಗೊಬ್ಬಳಿಗೇ ಬರುತ್ತದೆ ಅಂದುಕೊಳ್ಳಬೇಡ. ನಾನೂ ಉಪ್ಪಾಗಬಲ್ಲೆ.

ಅಂಬುಜಮ್ಮ


ಶೇಷಾದ್ರಿಪುರಂ
17-1-1997

ಅಕ್ಕಾ,

ಇಲ್ಲ. ನಾನು ಅವಳನ್ನು ಕರೆದುಕೊಂಡು ಹೋಗುವುದಿಲ್ಲ.

ಬೇಡವೆಂದಲ್ಲ. ನಿಮ್ಮ ಕಾಗದದಲ್ಲಿ ಗಂಟು ಎಂಬ ಮಾತನ್ನು ಓದಿ ಮುಗಿಸುವ ಮೊದಲೇ ನನ್ನ ಕಣ್ಣು "ಕರೆದುಕೊಂಡು ಹೋಗು" ಎಂಬ ಸಾಲಿಗೆ ಹೋಗಿ ನಿಂತಿತು. ನಿಮಗೆ ಕಾಯಿಲೆ ಎಂದು ತಿಳಿದ ಕ್ಷಣದಲ್ಲಿ ನನಗೆ ಮೊದಲು ಆದದ್ದು ಸಂತೋಷ. ನನ್ನ ಬಗ್ಗೆಯೇ ಹೇಸಿಗೆಯಾಗಿ ಕಾಗದವನ್ನು ಅಲ್ಲೇ ಬಿಟ್ಟು ಎದ್ದುಹೋದೆ. ಸಂಜೆ ಬಂದು ಉಳಿದದ್ದನ್ನು ಓದಿದೆ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು. ಕೆಂಪಾದ ಬಟ್ಟಲು ನಾನು.

ಅವತ್ತು ನಾನು ಅಳದೆ ಇದ್ದದ್ದು ಕಲ್ಲುಮನಸ್ಸಿನಿಂದಲ್ಲ. ಬೆಳಿಗ್ಗೆಯಿಂದ ಮಗುವಿಗೆ ಹಾಲು ಕೊಡಲು ಬಿಟ್ಟಿರಲಿಲ್ಲ. ರವಿಕೆ ಒದ್ದೆಯಾಗಿತ್ತು. ಯಾರಿಗೂ ಕಾಣದ ಹಾಗೆ ಎರಡು ಕೈಯಲ್ಲೂ ಸೆರಗನ್ನು ಬಿಗಿ ಹಿಡಿದು ನಿಂತಿದ್ದೆ. ಅತ್ತಿದ್ದರೆ ಕೈ ಸಡಿಲವಾಗುತ್ತಿತ್ತು. ಅಷ್ಟೇ. ಕೊಡುವುದಿಲ್ಲ ಎನ್ನುವ ಧೈರ್ಯ ನನಗಾಗಲಿ ಇವರಿಗಾಗಲಿ ಇರಲಿಲ್ಲ, ಅತ್ತೆಯವರ ಎದುರಿಗೆ ಯಾರಿಗೆ ತಾನೇ ಇತ್ತು? ಹಾಗಾಗಿ ಕೊಟ್ಟೆ. ಪೂರ್ತಿ ಕೊಡಲಿಲ್ಲ.

ಇನ್ನೊಂದು ಹೇಳುತ್ತೇನೆ. ಎಷ್ಟೋ ಶನಿವಾರ ಕಾಲೇಜು ಮುಗಿಸಿ ತ್ಯಾಗರಾಜನಗರದ ಬಸ್ಸು ಹತ್ತಿದ್ದೇನೆ. ಕೊನೆಯ ಸ್ಟಾಪಿನವರೆಗೂ ಬರುತ್ತೇನೆ, ಇಳಿಯುವುದಿಲ್ಲ. ಡ್ರೈವರು ಟೀ ಕುಡಿದು ಬರುವವರೆಗೆ ಕಿಟಕಿಯ ಹತ್ತಿರ ಕೂತಿದ್ದು, ಅದೇ ಬಸ್ಸಿನಲ್ಲಿ ವಾಪಸು ಹೋಗುತ್ತೇನೆ. ಹೊಸಿಲು ತುಳಿದಿಲ್ಲ, ಮಾತಾಡಿಸಿಲ್ಲ, ಮಾತು ಮುರಿದಿಲ್ಲ. ಕಂಡಕ್ಟರು ದೊಡ್ಡಬೈರಪ್ಪ ಎಂದು ಒಬ್ಬರಿದ್ದರು. ಒಂದು ದಿನ, "ಏನಮ್ಮಾ, ಏನಾದ್ರೂ ಕಳ್ಕೊಂಡಿದೀರಾ?" ಎಂದರು. ಇಲ್ಲ ಎಂದೆ.

ಅದಕ್ಕೇ ಹೇಳುತ್ತಿದ್ದೇನೆ, ನನ್ನ ಕೈಗೆ ಕೊಡಬೇಡಿ. ನೀವು ಹಾಸಿಗೆ ಹಿಡಿದಿರುವಾಗ ಅವಳನ್ನು ಕರೆದುಕೊಂಡು ಬಂದರೆ ನಾನು ಮತ್ತೆ ಕಳಿಸುವುದಿಲ್ಲ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅವಳಿಲ್ಲದಿದ್ದರೆ ನೀವೂ ಉಳಿಯುವುದಿಲ್ಲ. ನಿಮಗೆ ಉಪ್ಪಾಗಲು ಬರುವುದಿಲ್ಲ, ಅಕ್ಕಾ. ನನಗೂ ಬರಲಿಲ್ಲ.

ನಿಮ್ಮ ಹತ್ತಿರ ಇರಲು ನಾನು ಬರಲೇ ಎಂದು ಕೇಳಬೇಕೆನಿಸುತ್ತದೆ. ಕೇಳುವ ಹಕ್ಕು ಇದೆಯೋ ಇಲ್ಲವೋ ಗೊತ್ತಿಲ್ಲ.

ಪ್ರಿಯಂವದಾ


ತ್ಯಾಗರಾಜನಗರ
2-2-1997

ಚಿಕ್ಕಮ್ಮ,

ಆಪರೇಶನ್ ಆಯಿತು. ಅಮ್ಮ ನಿನ್ನೆ ಮನೆಗೆ ಬಂದರು. ರಿಪೋರ್ಟು ಇನ್ನೂ ಬಂದಿಲ್ಲ, ಬುಧವಾರ ಬರುತ್ತದಂತೆ. ಸಣ್ಣ ಆಪರೇಶನ್ ಅಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಅಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳುವಾಗ ಸೆರಗು ಸರಿಮಾಡಿಕೊಳ್ಳುತ್ತಾರೆ.

ನಿಮ್ಮ ಕಾಗದ ಬಂದಾಗ ಅಮ್ಮ ಒಡೆಯಲೇ ಇಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡೇ ಆಸ್ಪತ್ರೆಗೆ ಹೋದರು. ನೀವು ಹೂಂ ಅಂದಿದ್ದರೂ ಸಂಕಟ, ಊಹೂಂ ಅಂದಿದ್ದರೂ ಸಂಕಟ ಎಂದು ಈಗ ಹೇಳುತ್ತಾರೆ. ನಿನ್ನೆ ಸಂಜೆ ನನ್ನನ್ನು ಕರೆದು, "ಓದು, ಗಟ್ಟಿಯಾಗಿ ಓದು" ಎಂದರು. ಓದಿದೆ. ರವಿಕೆಯ ವಿಷಯ ಬಂದಾಗ ಕಾಗದವನ್ನು ಮಡಿಸಹೋದೆ. ಅಮ್ಮ ಬಿಡಲಿಲ್ಲ, ಪೂರ್ತಿ ಓದಿಸಿದರು. ಆಮೇಲೆ ತಾವು ನಿಮಗೆ ಬರೆದದ್ದನ್ನೂ ಹೇಳಿದರು. ಅವರು ಹಾಗೆ ಅತ್ತದ್ದನ್ನು ನಾನು ಅಪ್ಪ ಹೋದಾಗ ಬಿಟ್ಟರೆ ನೋಡಿರಲಿಲ್ಲ. ಹೊಲಿಗೆ ಬಿಚ್ಚೀತು ಎಂದು ಭಯವಾಯಿತು.

ಈಗ ನನಗೆ ಕೋಪ ಬಂದಿದೆ, ಇಬ್ಬರ ಮೇಲೂ. ಒಬ್ಬರು ಕರೆದುಕೊಂಡು ಹೋಗು ಎನ್ನುತ್ತೀರಿ, ಇನ್ನೊಬ್ಬರು ಇಲ್ಲ, ನೀವೇ ಇಟ್ಟುಕೊಳ್ಳಿ ಎನ್ನುತ್ತೀರಿ. ಒಬ್ಬರು ಉಪ್ಪಂತೆ, ಒಬ್ಬರು ಸೋಡಾ ಅಂತೆ. ಈ ಪಾಠದಲ್ಲಿ ನಾನು ಯಾರು ಎಂದು ಯೋಚಿಸಿದಿರಾ? ನಾನು ಹೈಡ್ರೋಜನ್. ಆಮ್ಲ ಹೇಗೆ ಕೊಟ್ಟಿತು, ಅಯಾನು ಹೇಗೆ ಎಳೆಯಿತು, ಎಲ್ಲಾ ಬರೆದಿದ್ದಾರೆ. ಹೈಡ್ರೋಜನ್ನಿಗೆ ಏನು ಬೇಕು ಎಂದು ಇಡೀ ಚಾಪ್ಟರಿನಲ್ಲಿ ಎಲ್ಲೂ ಕೇಳಿಲ್ಲ. ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ನೋಡಿದೆ.

ಹತ್ತನೇ ವರ್ಷದಲ್ಲಿ ಅಮ್ಮ ಹೇಳಿದ್ದನ್ನು ಕೇಳಿ ಕುಂಟೆಬಿಲ್ಲೆ ಆಡಲು ಹೋದೆ ಎಂದು ನಿಮಗೆ ಬರೆದಿದ್ದರಂತೆ. ಹೋದದ್ದು ನಿಜ, ಆಡಲಿಲ್ಲ. ಬಸ್‌ಸ್ಟಾಪಿಗೆ ಹೋಗಿ ಅಲ್ಲಿನ ಕಲ್ಲುಕಟ್ಟೆಯ ಮೇಲೆ ಕೂತೆ. ನೀವು ಯಾವುದಾದರೂ ಬಸ್ಸಿನಿಂದ ಇಳಿದರೆ ಸಾಕು ಎಂದು ಒಂದು ಸಲ ಅನ್ನಿಸುತ್ತಿತ್ತು. ಇಳಿದರೆ ನನ್ನನ್ನು ಕರೆದುಕೊಂಡು ಹೋಗಿಬಿಡುತ್ತೀರಿ, ಇಳಿಯಬಾರದು ಎಂದು ಇನ್ನೊಂದು ಸಲ. ಆಮೇಲೂ ಎಷ್ಟೋ ದಿನ ಹಾಗೆ ಹೋಗಿ ಕೂತಿದ್ದೇನೆ. ಅವುಗಳಲ್ಲಿ ಶನಿವಾರ ಯಾವುದೋ ನೆನಪಿಲ್ಲ.

ನನಗೆ ಬೇಕಾದ್ದು ಇದು. ನಾನು ಇಲ್ಲೇ ಇರುತ್ತೇನೆ. ಅಮ್ಮ ನನ್ನ ಅಮ್ಮ, ಅದರಲ್ಲಿ ಡೌಟು ಇಲ್ಲ. ಆದರೆ ಅವರಿಗೆ ಬ್ಯಾಂಡೇಜು ಬದಲಾಯಿಸಲು ನನಗೆ ಸರಿಯಾಗಿ ಬರುವುದಿಲ್ಲ. ಬುಧವಾರ ರಿಪೋರ್ಟು ತರಲು ನನಗೊಬ್ಬಳಿಗೇ ಹೋಗಲು ಭಯ. ನೀವು ಬನ್ನಿ. ಅಮ್ಮನನ್ನು ಕೇಳಿದೆ. ಗೋಡೆ ಕಡೆ ತಿರುಗಿ ಮಲಗಿಕೊಂಡು, "ಬರ್ಲಿ. ಬಂದ್ರೆ ಹೊಸಿಲ ಹೊರಗೆ ನಿಲ್ಸಬೇಡ" ಎಂದರು. ಮದುವೆಯವರೆಗೆ ಕಾಯುತ್ತೇನೆ ಎನ್ನಬೇಡಿ, ನನಗೆ ಸದ್ಯಕ್ಕೆ ಮದುವೆಯಾಗುವ ಯೋಚನೆಯೇ ಇಲ್ಲ.

ಆರತಿ ನಾನೇ ಎತ್ತುತ್ತೇನೆ. ಅಪ್ಪ ಹೋದ ಮೇಲೆ ಅಮ್ಮ ಎತ್ತುವಂತಿಲ್ಲವಂತೆ. ಸುಣ್ಣ ಎಷ್ಟು ಹಾಕಬೇಕು ಎಂದು ಹಾಸಿಗೆಯಿಂದಲೇ ಹೇಳುತ್ತಿದ್ದಾರೆ, ನನಗೆ ಗೊತ್ತಿಲ್ಲವೇನೋ ಎಂಬಂತೆ.

ಬುಧವಾರ ಬೆಳಿಗ್ಗೆ ನಾನು ಆ ಕಟ್ಟೆಯ ಮೇಲೆ ಕೂತಿರುತ್ತೇನೆ. ಈ ಸಲ ಇಳಿಯಿರಿ.

ಆರಾಧನಾ